ಅಟ್ಟದಿಂದ ಇಳಿಸಿದ ಸ್ಕ್ಯಾನರ್: ಲಿನಕ್ಸಿನಲ್ಲಿ ಓಡಿಸುವ ಬಗೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಎರಡು ಗಂಟುಗಳು ಅಕ್ಕಪಕ್ಕ ಇದ್ದವು. ಒಂದರಲ್ಲಿ ಅವರು ಮಂಡಿಪೇಟೆಯ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಕಾಲದ ಕಿರ್ದಿ ಪುಸ್ತಕಗಳು ಮತ್ತು ಜಮೀನಿನ ಕಾಗದಗಳು. ಇನ್ನೊಂದರಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಕ್ಯಾನನ್ ಲೈಡ್ 25 ಎಂಬ ತೆಳ್ಳನೆಯ ಸ್ಕ್ಯಾನರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಅವರ ಕಂಪ್ಯೂಟರಿಗೆ ನಾನೇ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಕೊಟ್ಟಿದ್ದೆ. ಸ್ಕ್ಯಾನರ್ ಇಳಿಸಿದಾಗ ದೊಡ್ಡಪ್ಪ, "ಅದನ್ನು ಗುಜರಿಯವನಿಗೆ ಕೊಟ್ಟುಬಿಡು ತಮ್ಮಾ, ಅದಕ್ಕೆ ಡ್ರೈವರ್ ಸಿಗುವುದಿಲ್ಲವಂತೆ" ಎಂದರು. ಯಂತ್ರದ ಭಾಷೆಯನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶವೇ ಡ್ರೈವರ್. ಅಂದು ಸಂಜೆಯ ಹೊತ್ತಿಗೆ ಅದು ಒಂದು ಪಹಣಿಯನ್ನು ಓದಿತ್ತು. ಪಹಣಿಯ ತಲೆಯ ಮೇಲೆ 'ಜಿಲ್ಲೆ: ಚಿತ್ರದುರ್ಗ' ಎಂದಿತ್ತು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಕಾಗದ ಅದಕ್ಕೂ ಹಿಂದಿನದು.

ಇಂಥ ಕಾಗದಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಒಂದೆರಡು ಹಾಳೆಗಾದರೆ ಸಾಕು. ಮುನ್ನೂರು ಪುಟದ ಕಿರ್ದಿಯಾದರೆ ಪ್ರತಿ ಪುಟಕ್ಕೂ ಬೆಳಕು ಬೇರೆ, ಕೋನ ಬೇರೆ, ಮೇಲಿನ ಸಾಲು ಬಾಗಿ ಕೆಳಗಿನ ಸಾಲು ನೆಟ್ಟಗೆ. ಸ್ಕ್ಯಾನರ್ ಪ್ರತಿ ಪುಟವನ್ನೂ ಒಂದೇ ಬೆಳಕಿನಲ್ಲಿ, ಒಂದೇ ಅಳತೆಯಲ್ಲಿ ನೋಡುತ್ತದೆ. ಹಳೆಯದಾದರೂ ಆ ಗುಣ ಹೋಗುವುದಿಲ್ಲ.

ಮುಂದಿನ ವಾರ ಹಿರಿಯೂರಿನ ಭಾವ ಫೋನ್ ಮಾಡಿ, ತಮ್ಮ ಮನೆಯಲ್ಲೂ ಒಂದು ಸ್ಕ್ಯಾನರ್ ಬಿದ್ದಿದೆ ಎಂದರು. ಅವರದು ಬೇರೆ ಮಾದರಿ, ತೊಡಕೂ ಬೇರೆ. ಎರಡು ಗಂಟೆ ಫೋನಿನಲ್ಲೇ ಹೇಳಿಕೊಟ್ಟೆ. ಈ ಬರಹ ಆ ಮಾತುಕತೆಯಿಂದಲೇ ಬೆಳೆದದ್ದು. ಹಾಗಾಗಿ ಆಜ್ಞೆಗಳನ್ನು ಇಲ್ಲಿ ಬಾಯಲ್ಲಿ ಹೇಳಿದ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ, ಎಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ದೊಡ್ಡಕ್ಷರ ಎಂದು ನಾನು ಹೇಳದ ಕಡೆಯಲ್ಲೆಲ್ಲ ಸಣ್ಣಕ್ಷರ. ಲಿನಕ್ಸಿಗೆ ಈ ಎರಡೂ ಒಂದೇ ಅಲ್ಲ.

ಇನ್ನೊಂದು ಮಾತು. ಭದ್ರಾ ನಾಲೆಯ ಕೊನೆಯ ಭಾಗದ ರೈತರು ಗದ್ದೆಗೆ ನೀರು ಬರದಿದ್ದರೆ ಗದ್ದೆಯನ್ನು ಅಗೆಯುತ್ತ ಕೂರುವುದಿಲ್ಲ; ತೂಬಿನಿಂದ ತೂಬಿಗೆ ಮೇಲಕ್ಕೆ ನಡೆದು ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುತ್ತಾರೆ. ಸ್ಕ್ಯಾನರ್ ಕೆಲಸ ಮಾಡದಿದ್ದಾಗಲೂ ಅದೇ ದಾರಿ. ಯಂತ್ರ, ತಂತಿ, ಅನುಮತಿ, ಡ್ರೈವರ್, ಕೊನೆಗೆ ತೆರೆಯ ಮೇಲಿನ ಕಿಟಕಿ: ನೀರು ಹರಿಯುವುದು ಈ ಕ್ರಮದಲ್ಲಿ. ಸಿಕ್ಕಿದ ಆಜ್ಞೆಗಳನ್ನೆಲ್ಲ ಒಂದರ ಮೇಲೊಂದು ಹೊಡೆಯುವುದರಿಂದ ಇದ್ದದ್ದೂ ಕೆಡುತ್ತದೆ.

ಮೊದಲು ಯಂತ್ರವನ್ನು ಮಗುಚಿ ನೋಡಿ

ಗಾಜಿನ ಮೇಲೆ ಹಾಳೆ ಇಟ್ಟು ಓದಿಸುವ ಹೆಚ್ಚಿನ ಫ್ಲಾಟ್‌ಬೆಡ್ ಸ್ಕ್ಯಾನರ್‌ಗಳ ಹೊಟ್ಟೆಯಡಿಯಲ್ಲಿ ಒಂದು ಬೀಗವಿರುತ್ತದೆ. ಸಾಗಿಸುವಾಗ ಒಳಗಿನ ಓದುವ ಪಟ್ಟಿ ಅಲ್ಲಾಡಬಾರದೆಂದು ಮಾಡಿದ ಏರ್ಪಾಡು ಅದು. ಕೆಲವದರಲ್ಲಿ ಜಾರುವ ಗುಂಡಿ, ಕೆಲವದರಲ್ಲಿ ನಾಣ್ಯದಿಂದ ತಿರುಗಿಸುವ ತಿರುಪು. ಪಕ್ಕದಲ್ಲಿ ಮುಚ್ಚಿದ ಮತ್ತು ತೆರೆದ ಬೀಗದ ಚಿಕ್ಕ ಚಿತ್ರ. ಅಟ್ಟಕ್ಕೆ ಹಾಕುವಾಗ ಬುದ್ಧಿವಂತರು ಬೀಗ ಹಾಕಿರುತ್ತಾರೆ. ಇಳಿಸುವವರಿಗೆ ಅದು ಗೊತ್ತಿರುವುದಿಲ್ಲ.

ನನಗೂ ಗೊತ್ತಿರಲಿಲ್ಲ. ತಂತಿ ಚುಚ್ಚಿ ಸ್ಕ್ಯಾನ್ ಒತ್ತಿದ ತಕ್ಷಣ ಒಳಗಿನಿಂದ ಕರಕರ ಎಂದು ಹಲ್ಲು ಕಡಿದಂಥ ಸದ್ದು ಬಂತು. ಮೋಟರ್ ಎಳೆಯುತ್ತಿದೆ, ಪಟ್ಟಿ ಕದಲುತ್ತಿಲ್ಲ. ಗಾಜಿನ ಕೆಳಗೆ ಬೆಳಕು ಒಂದೇ ಕಡೆ ನಿಂತು ಮಿನುಗಿ ಆರಿತು. ದೊಡ್ಡಪ್ಪ ಬಾಗಿಲಲ್ಲಿ ನಿಂತು "ನಾನು ಹೇಳಲಿಲ್ಲವೇ" ಎಂಬಂತೆ ನೋಡಿದರು. ತಂತಿ ಕಿತ್ತು ಮಗುಚಿದರೆ ಗುಂಡಿ ಬೀಗದ ಕಡೆಗೇ ಇತ್ತು. ಸರಿಸಿದೆ, ಟಕ್ ಎಂದಿತು. ಮತ್ತೆ ಚುಚ್ಚಿದಾಗ ಪಟ್ಟಿ ಒಂದಿಷ್ಟು ಮುಂದೆ ಹೋಗಿ, ಹಿಂದೆ ಬಂದು, ತನ್ನ ಮನೆಯಲ್ಲಿ ನಿಂತಿತು. ಆ ಸದ್ದು ಜೇನ್ನೊಣದ ಗುಂಯ್‌ಗುಡುವಿಕೆಯ ಹಾಗೆ ಒಂದೇ ಸಮನಿರಬೇಕು. ಕರಕರ ಸದ್ದು ಬಂದರೆ ಕೂಡಲೇ ತಂತಿ ಕೀಳಿ. ಬೀಗ ಹಾಕಿದ ಸ್ಥಿತಿಯಲ್ಲೇ ಮತ್ತೆ ಮತ್ತೆ ಓಡಿಸಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಗಾಲಿ ಸವೆದುಹೋಗುತ್ತದೆ.

ಬೀಗದ ನಂತರ ವಿದ್ಯುತ್ತು. ಲೈಡ್ ಸಾಲಿನ ತೆಳ್ಳನೆಯ ಯಂತ್ರಗಳಿಗೆ ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತು ತೆಗೆದುಕೊಳ್ಳುತ್ತವೆ. ಆದ್ದರಿಂದ ಅವನ್ನು ಹತ್ತು ಸಾಮಾನು ಚುಚ್ಚಿದ ಅಗ್ಗದ ಹಬ್‌ಗೆ ಹಾಕದೆ ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಒಳಗೆ ಉದ್ದನೆಯ ದೀಪವಿರುವ ದಪ್ಪ ಸ್ಕ್ಯಾನರ್‌ಗಳಿಗೆ ಅಡಾಪ್ಟರ್ ಬೇಕೇ ಬೇಕು. ಅದು ಕಳೆದುಹೋಗಿದ್ದರೆ ಯಂತ್ರದ ಬೆನ್ನಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಮತ್ತು ಧ್ರುವದ ಗುರುತು ನೋಡಿಕೊಂಡು ಬೇರೆ ತನ್ನಿ. ಪಿನ್ ಹಿಡಿಸಿತು ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಬಿದ್ದ ಯಾವುದೋ ಅಡಾಪ್ಟರ್ ಚುಚ್ಚಬೇಡಿ. ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ದ್ರವವನ್ನು ಬಟ್ಟೆಯ ಮೇಲೆ ಸಿಂಪಡಿಸಿಕೊಳ್ಳಿ, ಗಾಜಿನ ಮೇಲಲ್ಲ. ಅಂಚಿನಿಂದ ಒಳಗಿಳಿದರೆ ಒಣಗಿದ ಕಲೆ ಗಾಜಿನ ಅಡಿಯಲ್ಲೇ ಉಳಿಯುತ್ತದೆ.

ಹೆಸರಿಗಿಂತ ಸಂಖ್ಯೆ ಮುಖ್ಯ

ಟರ್ಮಿನಲ್ ತೆರೆದು ಎಲ್, ಎಸ್, ಯು, ಎಸ್, ಬಿ ಎಂಬ ಐದಕ್ಷರವನ್ನು ಕೂಡಿಸಿ ಹೊಡೆದು ಎಂಟರ್ ಒತ್ತಿ. ಕಂಪ್ಯೂಟರಿಗೆ ಚುಚ್ಚಿರುವ ಯುಎಸ್‌ಬಿ ಸಾಮಾನುಗಳೆಲ್ಲ ಸಾಲಾಗಿ ಬರುತ್ತವೆ. ಮೌಸ್, ಕೀಲಿಮಣೆಗಳ ನಡುವೆ ಸ್ಕ್ಯಾನರ್‌ನ ಸಾಲು ಯಾವುದೆಂದು ಗೊತ್ತಾಗದಿದ್ದರೆ, ಅದನ್ನು ಕಿತ್ತು ಒಮ್ಮೆ, ಚುಚ್ಚಿ ಒಮ್ಮೆ ಅದೇ ಆಜ್ಞೆ ಕೊಡಿ. ಹೊಸದಾಗಿ ಕಂಡ ಸಾಲೇ ನಿಮ್ಮದು.

ಆ ಸಾಲಿನಲ್ಲಿ ಐಡಿ ಎಂಬುದರ ಮುಂದೆ ನಾಲ್ಕು ನಾಲ್ಕು ಅಕ್ಷರಗಳ ಜೋಡಿಯೊಂದಿದೆ. ನಮ್ಮದರಲ್ಲಿ 04ಎ9:2220 ಎಂದಿತ್ತು. ಮೊದಲ ಭಾಗ ತಯಾರಕರದು: 04ಎ9 ಎಂದರೆ ಕ್ಯಾನನ್, 04ಬಿ8 ಎಪ್ಸನ್, 03ಎಫ್0 ಎಚ್‌ಪಿ, 055ಎಫ್ ಮಸ್ಟೆಕ್. ಎರಡನೆಯ ಭಾಗ ಮಾದರಿಯದು. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪೆಟ್ಟಿಗೆಯ ಮೇಲಿನ ಹೆಸರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೆಸರು ಒಂದೇ ಸಾಲಿನದಾಗಿದ್ದು ಒಳಗಿನ ಚಿಪ್ ಬೇರೆಯಾಗಿರುವುದು ಸ್ಕ್ಯಾನರ್‌ಗಳಲ್ಲಿ ತೀರಾ ಸಾಮಾನ್ಯ. ಲೈಡ್ 25 ಮತ್ತು ಲೈಡ್ 60 ನೋಡಲು ಅಣ್ಣತಮ್ಮಂದಿರು. ಲಿನಕ್ಸಿನಲ್ಲಿ ಅವೆರಡನ್ನು ಓಡಿಸುವ ಡ್ರೈವರ್‌ಗಳೇ ಬೇರೆ.

ಈ ಪಟ್ಟಿಯಲ್ಲಿ ಸ್ಕ್ಯಾನರ್ ಕಾಣಿಸಲೇ ಇಲ್ಲ ಎಂದರೆ ಮುಂದಿನ ಯಾವ ತಂತ್ರಾಂಶವೂ ಉಪಯೋಗಕ್ಕೆ ಬಾರದು. ತಂತಿ ಬದಲಿಸಿ (ಪ್ರಿಂಟರಿಗೆ ಬರುವ ಚೌಕನೆಯ ತುದಿಯ ತಂತಿಯೇ ಹೆಚ್ಚಿನವಕ್ಕೆ ಆಗುತ್ತದೆ), ಇನ್ನೊಂದು ತೂತಿಗೆ ಚುಚ್ಚಿ, ಅಡಾಪ್ಟರ್ ನೋಡಿ. ಭಾವನ ಮನೆಯಲ್ಲಿ ಅರ್ಧ ಗಂಟೆ ಹೋದದ್ದು ಇಲ್ಲೇ. ಇಲಿ ಕಚ್ಚಿದ ತಂತಿ. ಹೊರಗೆ ಬರೀ ಗೀರಿನಂತೆ ಕಂಡಿತ್ತು.

ಸೇನ್ ಎಂದರೇನು

ವಿಂಡೋಸಿನಲ್ಲಿ ಪ್ರತಿ ಸ್ಕ್ಯಾನರ್‌ಗೂ ಅದರ ತಯಾರಕರೇ ಡ್ರೈವರ್ ಕೊಡುತ್ತಾರೆ. ಅವರು ಕೊಡುವುದು ನಿಲ್ಲಿಸಿದ ದಿನ, ಗಟ್ಟಿಮುಟ್ಟಾದ ಯಂತ್ರವೂ ಗುಜರಿ ಎನಿಸಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಈ ಕೆಲಸ ಸೇನ್ ಎಂಬ ಮುಕ್ತ ತಂತ್ರಾಂಶದ್ದು. 'ಸ್ಕ್ಯಾನರ್ ಆ್ಯಕ್ಸೆಸ್ ನೌ ಈಸಿ' ಎಂಬುದರ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಅದಕ್ಕೆ ಎರಡು ಪಾಲು. ಹಿಂಬದಿಯ ಪಾಲಿನಲ್ಲಿ ಒಂದೊಂದು ಚಿಪ್ ಕುಲದ ಭಾಷೆ ಬಲ್ಲ ಡ್ರೈವರ್‌ಗಳಿವೆ: ಪ್ಲಸ್‌ಟೆಕ್, ಜೆನೆಸಿಸ್, ಸ್ನ್ಯಾಪ್‌ಸ್ಕ್ಯಾನ್, ಜಿಟಿ68ಎಕ್ಸ್‌ಎಕ್ಸ್ ಹೀಗೆ ಹತ್ತಾರು. ಇವನ್ನು ಬ್ಯಾಕೆಂಡ್ ಎನ್ನುತ್ತಾರೆ. ಮುಂಬದಿಯ ಪಾಲು ನಾವು ನೋಡುವ ಕಿಟಕಿ. ಯಾವ ಕಿಟಕಿಯಿಂದ ನೋಡಿದರೂ ಹಿಂದೆ ಕೆಲಸ ಮಾಡುವುದು ಅದೇ ಬ್ಯಾಕೆಂಡ್. ಹಾಗಾಗಿ ಒಂದು ಕಿಟಕಿಯಲ್ಲಿ ಸ್ಕ್ಯಾನರ್ ಕಾಣದಿದ್ದರೆ ಇನ್ನೊಂದು ಕಿಟಕಿಯನ್ನು ಅಳವಡಿಸುವುದರಿಂದ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ.

ಸೇನ್ ಯೋಜನೆಯವರ ತಾಣದಲ್ಲಿ ಬೆಂಬಲವಿರುವ ಯಂತ್ರಗಳ ದೊಡ್ಡ ಪಟ್ಟಿಯಿದೆ. ಅದರಲ್ಲಿ ನಿಮ್ಮ ಚೀಟಿಯ ಸಂಖ್ಯೆಯನ್ನು ಹುಡುಕಿ. ಪ್ರತಿ ಮಾದರಿಯ ಮುಂದೆ ಬ್ಯಾಕೆಂಡಿನ ಹೆಸರು ಮತ್ತು ಸ್ಥಿತಿ ಇರುತ್ತದೆ: ಪೂರ್ಣ, ಉತ್ತಮ, ಸಾಧಾರಣ, ಅಲ್ಪ, ಪರೀಕ್ಷಿಸಿಲ್ಲ, ಬೆಂಬಲವಿಲ್ಲ. ಪೂರ್ಣ ಅಥವಾ ಉತ್ತಮ ಎಂದಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಬೆಂಬಲವಿಲ್ಲ ಎಂದಿದ್ದರೆ ರಾತ್ರಿಯೆಲ್ಲ ಕುಳಿತರೂ ಆಗದು. ಈ ಬರಹದ ಕೊನೆಗೆ ಹೋಗಿ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸ್ಕ್ಯಾನರ್ ಕೊಳ್ಳುವವರು ಹಣ ಕೊಡುವ ಮುಂಚೆಯೇ ಮೊಬೈಲಿನಲ್ಲಿ ಈ ಪಟ್ಟಿ ನೋಡಿಕೊಳ್ಳುವುದು ಲೇಸು.

ಅಳವಡಿಕೆ ಮತ್ತು ಎರಡು ಪ್ರಶ್ನೆಗಳು

ಲಿನಕ್ಸಿನ ಬಗೆಗಳಾದ ಉಬುಂಟು, ಮಿಂಟ್, ಡೆಬಿಯನ್ ಇದ್ದವರು ಟರ್ಮಿನಲ್‌ನಲ್ಲಿ ಹೀಗೆ ಹೊಡೆಯಿರಿ: ಸುಡೊ ಆಪ್ಟ್ ಇನ್‌ಸ್ಟಾಲ್ ಸೇನ್-ಯುಟಿಲ್ಸ್ ಸಿಂಪಲ್-ಸ್ಕ್ಯಾನ್. ಸುಡೊ ಎಂದರೆ ಯಂತ್ರದ ಯಜಮಾನನ ಅಧಿಕಾರದಿಂದ ಮಾಡು ಎಂದು ಹೇಳುವುದು. ನಡುವಿನ ಅಡ್ಡಗೆರೆಗಳೂ ಹೆಸರಿನ ಭಾಗವೇ. ಅನೇಕ ಕಡೆ ಇವು ಮೊದಲೇ ಇರುತ್ತವೆ, ಇದ್ದರೆ ಇದೆ ಎಂದು ಹೇಳುತ್ತದೆ. ತಯಾರಕರ ಸಿಡಿಯನ್ನು ಈಗ ಹಾಕಬೇಡಿ. ಆದರೆ ಎಸೆಯಲೂ ಬೇಡಿ, ಮುಂದೆ ಬೇಕಾಗಬಹುದು.

ಈಗ ಎರಡು ಪ್ರಶ್ನೆ ಕೇಳಬೇಕು. ಎರಡೂ ಒಂದೇ ತರಹ ಕಾಣುತ್ತವೆ, ಆದರೆ ಬೇರೆ ಬೇರೆ ಸಂಗತಿ ಹೇಳುತ್ತವೆ.

ಮೊದಲನೆಯದು: ಸೇನ್-ಫೈಂಡ್-ಸ್ಕ್ಯಾನರ್. ಮೂರು ಪದ, ನಡುವೆ ಎರಡು ಅಡ್ಡಗೆರೆ. ಇದು ತಂತಿಯ ತುದಿಯಲ್ಲಿ ಸ್ಕ್ಯಾನರ್‌ನಂತೆ ಕಾಣುವ ಯಂತ್ರವಿದೆಯೇ ಎಂದಷ್ಟೇ ನೋಡುತ್ತದೆ. ಸಿಕ್ಕರೆ ಅದೇ ಸಂಖ್ಯೆಗಳ ಜೋಡಿಯನ್ನು ತೋರಿಸುತ್ತದೆ. ಆ ಯಂತ್ರದ ಭಾಷೆ ಸೇನ್‌ಗೆ ಬರುತ್ತದೆ ಎಂಬ ಭರವಸೆ ಇದರಲ್ಲಿಲ್ಲ.

ಎರಡನೆಯದು: ಸ್ಕ್ಯಾನ್‌ಇಮೇಜ್ ಎಂದು ಕೂಡಿಸಿ ಹೊಡೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ, ಅದಕ್ಕೆ ಅಂಟಿಸಿ ದೊಡ್ಡಕ್ಷರದ ಎಲ್. ಇದು ಬ್ಯಾಕೆಂಡ್‌ಗಳನ್ನೆಲ್ಲ ಕರೆದು "ಇದು ನಿಮ್ಮಲ್ಲಿ ಯಾರ ಪೈಕಿ" ಎಂದು ಕೇಳುತ್ತದೆ. ಯಾರಾದರೂ ಕೈ ಎತ್ತಿದರೆ ಅವರ ಹೆಸರು ಬರುತ್ತದೆ. ನಮ್ಮ ತೆರೆಯ ಮೇಲೆ ಪ್ಲಸ್‌ಟೆಕ್:ಲಿಬ್‌ಯುಎಸ್‌ಬಿ:001:004 ಎಂದು ಬಂದು, ಮುಂದೆ ಕ್ಯಾನನ್ ಫ್ಲಾಟ್‌ಬೆಡ್ ಎಂದು ವಿವರವಿತ್ತು. ಅಲ್ಲಿಗೆ ದೊಡ್ಡಪ್ಪನ ಮನೆಯ ಕೆಲಸ ಮುಗಿಯಿತು. ಡ್ರೈವರ್ ಹುಡುಕುವ ಪ್ರಶ್ನೆಯೇ ಬರಲಿಲ್ಲ. ಕೊನೆಯ ಅಂಕಿ ಪ್ರತಿ ಸಲ ತಂತಿ ಕಿತ್ತು ಚುಚ್ಚಿದಾಗಲೂ ಬದಲಾಗುತ್ತದೆ, ಅದನ್ನು ಬರೆದಿಟ್ಟುಕೊಂಡು ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ಇದ್ದವರಿಗೆ ಈ ಪಟ್ಟಿಯಲ್ಲಿ ತಮ್ಮ ಕ್ಯಾಮೆರಾ ಕೂಡ ಸ್ಕ್ಯಾನರ್ ಎಂದು ಕಾಣಿಸಬಹುದು. ವಿ4ಎಲ್ ಎಂದು ಶುರುವಾಗುವ ಸಾಲು ಅದು, ನಕ್ಕು ಬಿಟ್ಟುಬಿಡಿ.

ಎಲ್ಲಿ ಕಟ್ಟಿಕೊಂಡಿದೆ?

ಮೊದಲ ಪ್ರಶ್ನೆಗೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ, ಎರಡನೆಯದನ್ನೇ ಮೊದಲಿಗೆ ಸುಡೊ ಸೇರಿಸಿ ಇನ್ನೊಮ್ಮೆ ಕೇಳಿ. ಈಗ ಕಂಡರೆ ಅನುಮತಿಯ ತೊಂದರೆ: ಯಜಮಾನನಿಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ನಿಮ್ಮ ಬಳಕೆದಾರ ಹೆಸರನ್ನು ಸ್ಕ್ಯಾನರ್ ಎಂಬ ಗುಂಪಿಗೆ ಸೇರಿಸಬೇಕು: ಸುಡೊ ಯೂಸರ್‌ಮಾಡ್, ಜಾಗ, ಅಡ್ಡಗೆರೆ, ಸಣ್ಣ ಎ, ದೊಡ್ಡ ಜಿ, ಜಾಗ, ಸ್ಕ್ಯಾನರ್, ಜಾಗ, ನಿಮ್ಮ ಹೆಸರು. ಸಣ್ಣ ಎ ಅಕ್ಷರವನ್ನು ಮರೆತರೆ ಉಳಿದ ಗುಂಪುಗಳಿಂದೆಲ್ಲ ನಿಮ್ಮನ್ನು ಹೊರಗೆ ಹಾಕಿಬಿಡುತ್ತದೆ, ಸುಡೊ ಕೂಡ ಕೈತಪ್ಪಬಹುದು. ಆಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಸ್ಕ್ಯಾನ್ ಮಾಡುವ ತಂತ್ರಾಂಶವನ್ನು ದಿನವೂ ಸುಡೊ ಹಾಕಿ ಓಡಿಸುವ ಅಭ್ಯಾಸ ಬೇಡ. ಕಡತಗಳೆಲ್ಲ ಯಜಮಾನನ ಹೆಸರಿಗೆ ಹೋಗಿ, ಅಳಿಸಲು ಹೋದಾಗ ತಕರಾರು ಮಾಡುತ್ತವೆ.

ಸುಡೊ ಹಾಕಿದರೂ ಕಾಣದಿದ್ದರೆ ಬ್ಯಾಕೆಂಡ್ ಕರೆಗೆ ಬಂದೇ ಇಲ್ಲದಿರಬಹುದು. ಇಟಿಸಿ ಕಡತಕೋಶದ ಒಳಗೆ ಸೇನ್.ಡಿ ಎಂಬ ಕೋಶವಿದೆ, ಅದರಲ್ಲಿ ಡಿಎಲ್‌ಎಲ್.ಕಾನ್ಫ್ ಎಂಬ ಕಡತ. ಕರೆಯಬೇಕಾದ ಬ್ಯಾಕೆಂಡ್‌ಗಳ ಹಾಜರಿ ಪುಸ್ತಕ ಅದು. ಸಾಲಿನ ಮೊದಲಿಗೆ ಹ್ಯಾಶ್ ಗುರುತು ಇದ್ದರೆ ಆ ಹೆಸರನ್ನು ಕೂಗುವುದಿಲ್ಲ. ನಿಮ್ಮ ಬ್ಯಾಕೆಂಡಿನ ಮುಂದೆ ಹ್ಯಾಶ್ ಇದ್ದರೆ ತೆಗೆಯಿರಿ. ಪಟ್ಟಿ ಬರಲು ತುಂಬ ಹೊತ್ತು ಹಿಡಿಯುತ್ತಿದ್ದರೆ ಇದೇ ಕಡತದಲ್ಲಿ ಬೇಡದವಕ್ಕೆ ಹ್ಯಾಶ್ ಹಾಕಿ ಹಗುರ ಮಾಡಲೂಬಹುದು.

ಸ್ಕ್ಯಾನರ್ ಕಾಣುತ್ತದೆ, ಮೊದಲ ಪುಟವೂ ಬರುತ್ತದೆ, ಎರಡನೆಯ ಪುಟಕ್ಕೆ ಯಂತ್ರ ಮುನಿಸಿಕೊಂಡು ನಿಲ್ಲುತ್ತದೆ. ಇದು ಹಳೆಯ ಸ್ಕ್ಯಾನರ್ ಮತ್ತು ಹೊಸ ಯುಎಸ್‌ಬಿ 3 ತೂತು ಕೂಡಿದಾಗ ಕಂಡುಬರುವ ಜಗಳ. ಒಳಗೆ ನೀಲಿ ನಾಲಿಗೆಯಿರುವ ತೂತನ್ನು ಬಿಟ್ಟು ಕಪ್ಪು ತೂತಿಗೆ ಹಾಕಿ. ಹೊಸ ಲ್ಯಾಪ್‌ಟಾಪಿನಲ್ಲಿ ಕಪ್ಪು ತೂತೇ ಇಲ್ಲದಿದ್ದರೆ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ 2 ಹಬ್ ಒಂದನ್ನು ನಡುವೆ ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಅದೇ ಸಾಲಿನಲ್ಲಿ ಆಜ್ಞೆಗಿಂತ ಮೊದಲು ಸೇನ್_ಯುಎಸ್‌ಬಿ_ವರ್ಕ್‌ಅರೌಂಡ್=1 ಎಂದು ಸೇರಿಸಿ ನೋಡಿ. ಇಲ್ಲಿ ಅಕ್ಷರಗಳೆಲ್ಲ ದೊಡ್ಡವು, ಪದಗಳ ನಡುವೆ ಕೆಳಗೆರೆ.

ಫರ್ಮ್‌ವೇರ್ ಬೇಡುವ ಯಂತ್ರಗಳು

ಭಾವನ ಸ್ಕ್ಯಾನರ್ ಎಪ್ಸನ್ ಪರ್ಫೆಕ್ಷನ್ 1670, ಸಂಖ್ಯೆ 04ಬಿ8:011ಎಫ್. ಸ್ನ್ಯಾಪ್‌ಸ್ಕ್ಯಾನ್ ಬ್ಯಾಕೆಂಡಿಗೆ ಅದರ ಭಾಷೆ ಬರುತ್ತದೆ. ಆದರೆ ಈ ಜಾತಿಯ ಯಂತ್ರಗಳಿಗೆ ಒಂದು ವಿಚಿತ್ರ ಸ್ವಭಾವ: ವಿದ್ಯುತ್ತು ಆರಿದ ಕೂಡಲೇ ತಾವು ಯಾರೆಂಬುದನ್ನೇ ಮರೆಯುತ್ತವೆ. ಪ್ರತಿ ಸಲ ಚಾಲೂ ಮಾಡಿದಾಗಲೂ ಕಂಪ್ಯೂಟರು ಒಂದು ಚಿಕ್ಕ ಕಡತವನ್ನು ಅವುಗಳ ನೆನಪಿಗೆ ತುಂಬಬೇಕು. ಅದೇ ಫರ್ಮ್‌ವೇರ್. ಅದರ ಹಕ್ಕು ತಯಾರಕರದು, ಹಾಗಾಗಿ ಲಿನಕ್ಸ್ ವಿತರಣೆಗಳು ಅದನ್ನು ಜೊತೆಗೆ ಕೊಡುವುದಿಲ್ಲ. ನಿಮ್ಮ ಸಿಡಿಯಿಂದ ನೀವೇ ತೆಗೆದುಕೊಳ್ಳಬೇಕು. ಎಸೆಯಬೇಡಿ ಎಂದದ್ದು ಇದಕ್ಕೇ.

1670ಕ್ಕೆ ಬೇಕಾದ ಕಡತ ಇಎಸ್‌ಎಫ್‌ಡಬ್ಲ್ಯು30.ಬಿನ್. 2480 ಮತ್ತು 2580ಕ್ಕೆ ಕೊನೆಯ ಅಂಕಿ 41, 3490 ಮತ್ತು 3590ಕ್ಕೆ 52. ಸಿಡಿಯಲ್ಲಿ ಇದು ಹೆಚ್ಚಾಗಿ ಕ್ಯಾಬ್ ಎಂಬ ಮೂಟೆಯೊಳಗೆ ಇರುತ್ತದೆ. ಕ್ಯಾಬ್‌ಎಕ್ಸ್‌ಟ್ರ್ಯಾಕ್ಟ್ ಅಥವಾ ಅನ್‌ಶೀಲ್ಡ್ ಎಂಬ ತಂತ್ರಾಂಶದಿಂದ ಮೂಟೆ ಬಿಚ್ಚಬಹುದು. ಆ ಸ್ಕ್ಯಾನರ್ ಹಿಂದೆ ಓಡುತ್ತಿದ್ದ ವಿಂಡೋಸ್ ಡಿಸ್ಕ್ ಇನ್ನೂ ಇದ್ದರೆ ಅದರಲ್ಲಿ ಹೆಸರು ಹಿಡಿದು ಹುಡುಕಿದರೂ ಸಿಗುತ್ತದೆ.

ಕಡತ ಸಿಕ್ಕ ಮೇಲೆ ಯುಎಸ್‌ಆರ್ ಕೋಶದ ಶೇರ್, ಅದರೊಳಗಿನ ಸೇನ್, ಅದರೊಳಗಿನ ಸ್ನ್ಯಾಪ್‌ಸ್ಕ್ಯಾನ್ ಎಂಬ ಕೋಶಕ್ಕೆ ಸುಡೊ ಬಳಸಿ ಹಾಕಿ. ಕೋಶವಿಲ್ಲದಿದ್ದರೆ ಹೊಸದು ಮಾಡಿ. ನಂತರ ಸೇನ್.ಡಿ ಕೋಶದ ಸ್ನ್ಯಾಪ್‌ಸ್ಕ್ಯಾನ್.ಕಾನ್ಫ್ ಕಡತವನ್ನು ತೆರೆದರೆ ಮೇಲುಗಡೆಯೇ ಫರ್ಮ್‌ವೇರ್ ಎಂದು ಆರಂಭವಾಗುವ ಸಾಲಿದೆ. ಅಲ್ಲಿರುವ ನಮೂನೆ ಹೆಸರನ್ನು ತೆಗೆದು ನಿಮ್ಮ ಕಡತದ ಪೂರ್ಣ ದಾರಿಯನ್ನು ಬರೆಯಿರಿ. ಮಸ್ಟೆಕ್‌ನ ಬೇರ್‌ಪಾ ಸಾಲಿನ ಹಲವು ಯಂತ್ರಗಳಿಗೂ ಇದೇ ಕತೆ; ಅವುಗಳ ಬ್ಯಾಕೆಂಡ್ ಜಿಟಿ68ಎಕ್ಸ್‌ಎಕ್ಸ್, ಕೋಶದ ಹೆಸರೂ ಅದೇ. ಯಾವ ಕಡತ ಬೇಕೆಂದು ಆ ಬ್ಯಾಕೆಂಡಿನ ಕಾನ್ಫ್ ಕಡತದಲ್ಲೇ ಬರೆದಿರುತ್ತದೆ.

ಇಲ್ಲಿ ಭಾವ ಸಿಕ್ಕಿಕೊಂಡದ್ದು ಅಕ್ಷರದ ಗಾತ್ರದಲ್ಲಿ. ಸಿಡಿಯಿಂದ ಬಂದ ಕಡತದ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿತ್ತು, ಅವರು ಬರೆದ ಸಾಲು ಸಣ್ಣಕ್ಷರದಲ್ಲಿ. "ಎರಡೂ ಅದೇ ಅಲ್ಲವೇನಪ್ಪಾ?" ಎಂದರು. "ಓದುವುದಕ್ಕೆ ಅದೇ ಭಾವ, ಲಿನಕ್ಸಿಗೆ ಅಲ್ಲ. ಕಡತದ ಹೆಸರನ್ನೇ ಸಣ್ಣಕ್ಷರಕ್ಕೆ ಬದಲಿಸಿಬಿಡಿ" ಎಂದೆ. ಬದಲಿಸಿ, ಸ್ಕ್ಯಾನರ್ ಆರಿಸಿ ಹೊತ್ತಿಸಿದ ಮೇಲೆ ಫೋನಿನ ಆ ಕಡೆಯಿಂದ ಮೋಟರಿನ ಸದ್ದು ನನಗೇ ಕೇಳಿಸಿತು.

ಪ್ರಿಂಟರ್ ಮತ್ತು ಸ್ಕ್ಯಾನರ್ ಕೂಡಿದ ಎಚ್‌ಪಿ ಯಂತ್ರಗಳ ದಾರಿ ಬೇರೆ. ಅವಕ್ಕೆ ಎಚ್‌ಪ್ಲಿಪ್ ಎಂಬ ತಂತ್ರಾಂಶದ ಪೊಟ್ಟಣ ಬೇಕು.

ಪುಟ ತೆಗೆಯುವುದು

ಮೆನುವಿನಲ್ಲಿ ಡಾಕ್ಯುಮೆಂಟ್ ಸ್ಕ್ಯಾನರ್ ಎಂದು ಕಾಣುವುದೇ ಸಿಂಪಲ್ ಸ್ಕ್ಯಾನ್. ಮನೆಮಂದಿಗೆಲ್ಲ ಇದೇ ಸಾಕು. ಆದರೆ ಮೊದಲು ಆದ್ಯತೆಗಳಿಗೆ ಹೋಗಿ ಒಂದನ್ನು ಬದಲಿಸಿ: ಪಠ್ಯದ ಸಾಂದ್ರತೆ ಅದರಲ್ಲಿ ಇಂಚಿಗೆ 150 ಚುಕ್ಕೆ ಎಂದಿರುತ್ತದೆ. ಇಂಗ್ಲಿಷಿಗೆ ಅಷ್ಟು ನಡೆಯುತ್ತದೆ, ಕನ್ನಡಕ್ಕೆ ನಡೆಯದು. ನಮ್ಮ ಲಿಪಿಯಲ್ಲಿ ಅರ್ಥವೆಲ್ಲ ಸಣ್ಣ ಕೊಂಬು, ಗುಡಿಸು, ಒತ್ತಕ್ಷರಗಳಲ್ಲಿದೆ. 150ರಲ್ಲಿ ತೆಗೆದ ಪಹಣಿಯನ್ನು ಹಿಗ್ಗಿಸಿ ನೋಡಿದಾಗ ಒಂದು ಊರಿನ ಹೆಸರಿನ ಕೆಳಗಿದ್ದ ಒತ್ತು ನೊಣದ ಹಿಕ್ಕೆಯಂತೆ ಕಂಡಿತು. ಳ-ಒತ್ತೋ ಲ-ಒತ್ತೋ ಎಂದು ದೊಡ್ಡಪ್ಪನಿಗೂ ಹೇಳಲಾಗಲಿಲ್ಲ. 300ಕ್ಕೆ ಏರಿಸಿದ ಮೇಲೆ ಒತ್ತಿನ ಬಾಲ ಬಿಡಿಸಿ ಕಂಡಿತು.

ಎಲ್ಲಕ್ಕೂ 600 ಹಾಕಿಬಿಡೋಣ ಎಂಬ ಆಸೆ ಬರುತ್ತದೆ. ಎ4 ಪುಟಕ್ಕೆ 300ರಲ್ಲಿ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆ. ಬೂದು ಬಣ್ಣದಲ್ಲಿ ಸುಮಾರು 8.7 ಎಂಬಿ, ಪೂರ್ಣ ಬಣ್ಣದಲ್ಲಿ ಅದರ ಮೂರರಷ್ಟು. 600ಕ್ಕೆ ಹೋದರೆ ನಾಲ್ಕು ಪಟ್ಟು, ಎಂದರೆ ಬಣ್ಣದ ಒಂದು ಪುಟಕ್ಕೆ 100 ಎಂಬಿಗೂ ಮೇಲೆ. ಹಳೆಯ ಯುಎಸ್‌ಬಿ ಯಂತ್ರ ಅಷ್ಟನ್ನು ಸಾಗಿಸುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ನನ್ನ ಲೆಕ್ಕ ಇದು: ಸಾಮಾನ್ಯ ಪುಟಕ್ಕೆ 300, ಬೂದು ಬಣ್ಣ; ಛಾಪಾ ಕಾಗದ, ಮೊಹರು, ಕೆಂಪು ಶಾಯಿ ಇದ್ದದ್ದಕ್ಕೆ 300, ಪೂರ್ಣ ಬಣ್ಣ; ಚಿಕ್ಕ ಫೋಟೊಗಳಿಗೆ ಮಾತ್ರ 600. ಬರೀ ಕಪ್ಪು-ಬಿಳುಪಿನ ಗೆರೆ ವಿಧಾನವನ್ನು ಹಳೆಯ ಕಾಗದಕ್ಕೆ ಬಳಸಬೇಡಿ, ಮಸುಕಾದ ಪೆನ್ಸಿಲ್ ಗುರುತೆಲ್ಲ ಮಾಯವಾಗುತ್ತದೆ.

ತೆಳು ಕಾಗದದ ಹಿಂದಿನ ಬರಹ ಮುಂದೆ ಇಣುಕುತ್ತಿದ್ದರೆ ಹಾಳೆಯ ಬೆನ್ನಿಗೆ ಕಪ್ಪು ಕಾಗದ ಇಟ್ಟು ಮುಚ್ಚಳ ಹಾಕಿ. ಹಳೆಯ ಕ್ರಯಪತ್ರಗಳು ಲೀಗಲ್ ಅಳತೆಯವಾದರೆ ಎ4 ಗಾಜಿನಲ್ಲಿ ಹಿಡಿಸುವುದಿಲ್ಲ. ಮೇಲರ್ಧ, ಕೆಳಗರ್ಧ ಎರಡು ಸಲ ತೆಗೆದು, ನಡುವೆ ನಾಲ್ಕು ಬೆರಳು ಒಂದರ ಮೇಲೊಂದು ಬರುವಂತೆ ಮಾಡಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಜೋಡಿಸಬಹುದು. ದಪ್ಪ ಪುಸ್ತಕದ ವಿಷಯದಲ್ಲಿ ಮಾತ್ರ ತೆಳ್ಳನೆಯ ಲೈಡ್ ಸೋಲುತ್ತದೆ. ಅದರ ಓದುವ ಪಟ್ಟಿ ಗಾಜಿಗೆ ತಾಗಿದ್ದನ್ನಷ್ಟೇ ಚೊಕ್ಕವಾಗಿ ನೋಡುತ್ತದೆ, ಹೊಲಿಗೆಯ ಬಳಿ ಮೇಲೆದ್ದ ಭಾಗ ಮಂಜಾಗುತ್ತದೆ. ಒಳಗೆ ಕನ್ನಡಿ, ಮಸೂರಗಳಿರುವ ಹಳೆಯ ದಪ್ಪ ಸ್ಕ್ಯಾನರ್‌ಗಳು ಈ ಕೆಲಸದಲ್ಲಿ ಮೇಲು. ಭಾವನ ಎಪ್ಸನ್ ಅಂಥದ್ದು; ಕಿರ್ದಿ ಪುಸ್ತಕಗಳನ್ನು ಹಿರಿಯೂರಿಗೇ ಒಯ್ಯುವುದೆಂದು ತೀರ್ಮಾನವಾಗಿದೆ.

ನೂರಾರು ಪುಟಗಳಿಗೆ

ಬಿಡಿ ಹಾಳೆ ನೂರಾರು ಇದ್ದರೆ ಮೌಸ್ ಹಿಡಿದು ಕೂರುವುದು ಬೇಸರದ ಕೆಲಸ. ಒಂದು ಹೊಸ ಕೋಶ ಮಾಡಿ, ಅದರೊಳಗೆ ಟರ್ಮಿನಲ್ ತೆರೆದು ಇದನ್ನು ಒಂದೇ ಸಾಲಿನಲ್ಲಿ ಹೊಡೆಯಿರಿ: ಸ್ಕ್ಯಾನ್‌ಇಮೇಜ್ --ಮೋಡ್ ಗ್ರೇ --ರೆಸಲ್ಯೂಷನ್ 300 -ಎಕ್ಸ್ 210 -ವೈ 297 --ಫಾರ್ಮ್ಯಾಟ್=ಟಿಫ್ --ಬ್ಯಾಚ್=ಪುಟ%03ಡಿ.ಟಿಫ್ --ಬ್ಯಾಚ್-ಪ್ರಾಂಪ್ಟ್. ಟಿಫ್ ಎಂಬುದನ್ನು ಫಾರ್ಮ್ಯಾಟ್ ಆದ ಮೇಲೆ ಎರಡು ಎಫ್ ಹಾಕಿ ಬರೆಯಬೇಕು, ಗ್ರೇ ಎಂಬುದು ಜಿ, ಆರ್, ಎ, ವೈ; ಅದರ ಮೊದಲಕ್ಷರ ದೊಡ್ಡದು. ಎಕ್ಸ್, ವೈ ಎಂಬುವು ಮಿಲಿಮೀಟರಿನಲ್ಲಿ ಪುಟದ ಅಳತೆ. ಅವನ್ನು ಬಿಟ್ಟರೆ ಕೆಲವು ಬ್ಯಾಕೆಂಡ್‌ಗಳು ಪುಟದ ಒಂದು ಮೂಲೆಯನ್ನಷ್ಟೇ ಕೊಡುತ್ತವೆ. ನಂತರ ಹಾಳೆ ಇಡಿ, ಎಂಟರ್ ಒತ್ತಿ. ಬದಲಿಸಿ, ಎಂಟರ್ ಒತ್ತಿ. ಮುಗಿಸಲು ಕಂಟ್ರೋಲ್ ಜೊತೆ ಡಿ. ಎರಡನೆಯ ದಿನ ದೊಡ್ಡಪ್ಪನೇ ಹಾಳೆ ಬದಲಿಸುತ್ತ ಎಂಟರ್ ಒತ್ತತೊಡಗಿದರು, ನನಗೆ ಕೆಲಸವೇ ಉಳಿಯಲಿಲ್ಲ. ವಿಧಾನಗಳ ಹೆಸರು ಬ್ಯಾಕೆಂಡಿನಿಂದ ಬ್ಯಾಕೆಂಡಿಗೆ ಬೇರೆಯಾಗಿರುವುದರಿಂದ ತಕರಾರು ಬಂದರೆ ಸ್ಕ್ಯಾನ್‌ಇಮೇಜ್ ಆದ ಮೇಲೆ ಜಾಗ ಬಿಟ್ಟು ಅಡ್ಡಗೆರೆ, ದೊಡ್ಡ ಎ ಹೊಡೆದು ನಿಮ್ಮ ಯಂತ್ರ ಒಪ್ಪುವ ಪದಗಳನ್ನು ನೋಡಿಕೊಳ್ಳಿ.

ಮುದ್ರಿತ ಕನ್ನಡವನ್ನು ಹುಡುಕಬಲ್ಲ ಪಿಡಿಎಫ್ ಮಾಡಬೇಕೆಂದರೆ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರಾಂಶದ ಟೆಸೆರಾಕ್ಟ್-ಒಸಿಆರ್ ಮತ್ತು ಟೆಸೆರಾಕ್ಟ್-ಒಸಿಆರ್-ಕೆಎಎನ್ ಎಂಬ ಎರಡು ಪೊಟ್ಟಣ ಅಳವಡಿಸಿ, ಟೆಸೆರಾಕ್ಟ್ ಪುಟ001.ಟಿಫ್ ಪುಟ001 -ಎಲ್ ಕೆಎಎನ್ ಪಿಡಿಎಫ್ ಎಂದು ಹೊಡೆಯಿರಿ. ಇಲ್ಲಿ ಎಲ್ ಸಣ್ಣದು. ಅಚ್ಚುಕಟ್ಟಾದ ಮುದ್ರಣವನ್ನು ಚೆನ್ನಾಗಿಯೇ ಓದುತ್ತದೆ. ಗುಮಾಸ್ತರ ಕೈಬರಹವನ್ನು ಓದಿಸಲು ಹೋಗಬೇಡಿ; ದೊಡ್ಡಪ್ಪನ ಒಂದು ಪುಟಕ್ಕೆ ಅದು ಕೊಟ್ಟ ಉತ್ತರವನ್ನು ಓದಿ ಅವರು ಸಂಜೆಯವರೆಗೆ ನಗುತ್ತಿದ್ದರು.

ಗೆರೆ, ಧೂಳು, ಮತ್ತು ಕೈಬಿಡುವ ಹೊತ್ತು

ಚಿತ್ರದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಗಾಜಿನ ಮೇಲೆ ಧೂಳು. ಪುಟದ ತುದಿಯಿಂದ ತುದಿಗೆ ನೆಟ್ಟನೆಯ ಒಂದು ಗೆರೆ ಎಲ್ಲ ಪುಟಗಳಲ್ಲೂ ಅದೇ ಜಾಗದಲ್ಲಿ ಬಂದರೆ ಧೂಳು ಒಳಗಿದೆ: ಓದುವ ಪಟ್ಟಿಯ ಮೇಲೋ, ಯಂತ್ರ ತನ್ನ ಬಿಳುಪನ್ನು ಅಳೆದುಕೊಳ್ಳುವ ಬಿಳಿಯ ಪಟ್ಟಿಯ ಮೇಲೋ. ಗಾಜು ಬಿಚ್ಚುವ ಧೈರ್ಯವಿದ್ದರೆ ತಂತಿ ಕಿತ್ತು ಒಣ ಕುಂಚದಿಂದ ಮೆಲ್ಲಗೆ ಸವರಿ. ಇಲ್ಲದಿದ್ದರೆ ಹಾಳೆಯನ್ನು ಗೆರೆ ಬೀಳದ ಕಡೆಗೆ ಸರಿಸಿ ಇಡಿ. ನಾನು ಹಾಗೆಯೇ ಮಾಡುತ್ತಿದ್ದೇನೆ.

ಸೇನ್ ಪಟ್ಟಿಯಲ್ಲಿ ಬೆಂಬಲವಿಲ್ಲ ಎಂದಿದ್ದವರಿಗೆ ಎರಡು ದಾರಿ ಉಳಿದಿವೆ. ವ್ಯೂಸ್ಕ್ಯಾನ್ ಎಂಬ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ತನ್ನದೇ ಡ್ರೈವರ್‌ಗಳಿಂದ ಅನೇಕ ಹಳೆಯ ಯಂತ್ರಗಳನ್ನು ಲಿನಕ್ಸಿನಲ್ಲೂ ಓಡಿಸುತ್ತದೆ. ಕೊಳ್ಳುವ ಮೊದಲು ಪರೀಕ್ಷಾ ಆವೃತ್ತಿಯಲ್ಲಿ ನೋಡಿ. ಇಲ್ಲವೇ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಒಳಗೆ ನಿಮ್ಮ ಹಳೆಯ ವಿಂಡೋಸನ್ನು ಕೂರಿಸಿ, ಸ್ಕ್ಯಾನರ್‌ನ ಯುಎಸ್‌ಬಿಯನ್ನು ಅದಕ್ಕೆ ಒಪ್ಪಿಸಿ, ಸಿಡಿಯ ಡ್ರೈವರ್ ಹಾಕಬಹುದು. ಪ್ರಿಂಟರಿನ 25 ಪಿನ್ನಿನ ಅಗಲ ತಂತಿಯಿರುವ ಸ್ಕ್ಯಾನರ್ ಆದರೆ ಯುಎಸ್‌ಬಿಗೆ ಬದಲಿಸುವ ತಂತಿ ಕೊಂಡು ದುಡ್ಡು ಕಳೆಯಬೇಡಿ. ಆ ತಂತಿಗಳು ಪ್ರಿಂಟರಿಗೆಂದು ಮಾಡಿದವು, ಸ್ಕ್ಯಾನರ್‌ಗೆ ಆಗುವುದಿಲ್ಲ. ಅದನ್ನು ನೆಮ್ಮದಿಯಾಗಿ ಗುಜರಿಗೆ ಕೊಡಿ.

ಕೆಲಸ ಮುಗಿದು ಮತ್ತೆ ಅಟ್ಟಕ್ಕೆ ಏರಿಸುವಾಗ, ಓದುವ ಪಟ್ಟಿ ತನ್ನ ಮನೆಗೆ ಮರಳಿದೆಯೇ ಎಂದು ಗಾಜಿನಲ್ಲಿ ನೋಡಿಕೊಂಡು ಬೀಗ ಹಾಕಿ. ಐಡಿ ಸಂಖ್ಯೆ, ಬ್ಯಾಕೆಂಡಿನ ಹೆಸರು ಬರೆದ ಚೀಟಿಯನ್ನು ಮುಚ್ಚಳದ ಮೇಲೆ ಅಂಟಿಸಿ. ದೊಡ್ಡಪ್ಪ ನಮ್ಮದರ ಚೀಟಿಯ ಕೆಳಗೆ ತಮ್ಮ ಗುಮಾಸ್ತರ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: 'ಮೊದಲು ಮಗುಚಿ ಬೀಗ ತೆಗೆಯುವುದು.'